ಬಲಗೈಗೊಂದು ಗವಸು

ಸಂತೆಹೊಂಡದ ಎದುರಿನ ಇಕ್ಕಟ್ಟು ಅಂಗಡಿಯಲ್ಲಿ
ನಾನು ಕೇಳಿದ್ದು ಇಷ್ಟೇ:
‘ಬಲಗೈದು ಒಂದೇ ಸಿಗುತ್ತೇನ್ರಿ?’
ಬುಡೇನ್ ಸಾಬರು ಕನ್ನಡಕ ಹಣೆಗೇರಿಸಿ
ಮೊದಲು ನನ್ನ ಎಡಗೈ ಇದೆಯೋ ಇಲ್ಲವೋ ನೋಡಿದರು.

ಇದೆ ಸ್ವಾಮಿ, ಐದೂ ಬೆರಳು.
ಹದಿನೇಳು ವರ್ಷದಿಂದ ದನದ ಆಸ್ಪತ್ರೆಯ ನೌಕರಿ.
ಬೆದೆಗೆ ಬಂದ ಹಸುವಿನ ಮನೆಯಿಂದ ಮಿಸ್‌ಕಾಲ್ ಬಂದರೆ
ಕೋಳಿಗಿಂತ ಮುಂಚೆ ನಾನು ಎದ್ದಿರಬೇಕು.
ಬೈಕಿನ ಹಿಂದೆ ಸೈಕಲ್ ಟ್ಯೂಬಿನಲ್ಲಿ ಬಿಗಿದ ಕ್ಯಾನು,
ಅದರೊಳಗೆ
ಸೊನ್ನೆಗಿಂತ ನೂರಾ ತೊಂಬತ್ತಾರು ಮೆಟ್ಟಿಲು ಕೆಳಗಿನ ಚಳಿ,
ಆ ಚಳಿಯಲ್ಲಿ ಮಲಗಿರುವ
ಇನ್ನೂ ಹುಟ್ಟದ ಕರುಗಳ ಅರ್ಧರ್ಧ ಜೀವ.
ಮುಂದೆ ತುರುವನೂರು ರಸ್ತೆ.
ಎರೆಹೊಲದ ಬಯಲು, ಅಡ್ಡಕ್ಕೆ ಒಂದು ಜಾಲಿಮರವಿಲ್ಲ,
ಕಡಲೆ ಗಿಡದ ಹುಳಿ ಸವರಿಕೊಂಡು ಬರುವ ಪುಷ್ಯದ ಗಾಳಿ.
ಗುಡ್ಡದ ಮೇಲಿನ ಫ್ಯಾನುಗಳನ್ನು ತಿರುಗಿಸಿ ಮಿಕ್ಕಿದ್ದಂತೆ ಅದು.
ಮಿಕ್ಕಿದ್ದೇ ಇಷ್ಟು!

ಸಾಬರು ಒಂದೊಂದೇ ಇಳಿಸಿದರು.
ಉಲ್ಲನ್ನಿನದು, ಬೆಕ್ಕಿನ ಮರಿಯಷ್ಟು ಮೆತ್ತಗೆ.
‘ಬಾಯಿಗಿಟ್ಟು ಊದ್ರಿ’ ಅಂದರು.
ಊದಿದೆ. ಅವರ ಗಡ್ಡ ಅಲ್ಲಾಡಿತು.
‘ನಿಮ್ಮುಸಿರು ಆಚೆ ಬಂತು ಅಂದ್ರೆ
ಗಾಳಿ ಒಳಕ್ಕೆ ಹೋತು ಅಂತ ಲೆಕ್ಕ. ಬ್ಯಾಡ.’
ಚರ್ಮದ್ದು ಗಾಳಿಗೆ ಜಗ್ಗಲ್ಲ,
ಆದರೆ ಇಬ್ಬನಿ ಕುಡಿದು ಒಣಗಿದರೆ ಖಡಕ್ ರೊಟ್ಟಿ.
ಮೇಲಾಗಿ ಅದನ್ನು ತೊಟ್ಟು
ಯಾವ ಮುಖ ಹೊತ್ತು ಹಸುವಿನ ಮುಂದೆ ನಿಲ್ಲಲಿ?
ಸ್ಪಂಜು ತುಂಬಿದ ರೆಕ್ಸಿನ್ನಿನಲ್ಲಿ
ಬ್ರೇಕು ಹಿಡಿದೆನೋ, ಯಾರದೋ ಮದುವೆಯಲ್ಲಿ
ಯಾರದೋ ಕೈ ಕುಲುಕಿದೆನೋ ಗೊತ್ತಾಗಲ್ಲ.
ಇನ್ನೊಂದಕ್ಕೆ ತೋರುಬೆರಳ ತುದಿಯಲ್ಲಿ ಬೆಳ್ಳಿನೂಲು,
ತೊಟ್ಟುಕೊಂಡೇ ಫೋನು ತೀಡಬಹುದಂತೆ.
ನನ್ನ ಫೋನಿಗೆ ಗುಂಡಿಗಳಿವೆ.

ಬಿಗಿಯಾದದ್ದೇ ಬೆಚ್ಚಗೆ ಅಂದುಕೊಂಡು ಒಂದನ್ನು ತುರುಕಿಕೊಂಡೆ.
‘ಮುಷ್ಟಿ ಕಟ್ರಿ. ಜುಮ್ ಅಂತೈತಾ?
ರಕ್ತ ಓಡಾಡೋಕೂ ಒಂದು ಓಣಿ ಬೇಕ್ರಿ.
ಬೆಚ್ಚಗಿಡೋದು ಬಟ್ಟೆ ಅಲ್ಲ,
ಬಟ್ಟೆಗೂ ಕೈಗೂ ನಡುವೆ ಬಿಟ್ಟ ಚೂರು ಜಾಗ.’
ಮೂವತ್ತು ವರ್ಷ ಸಂಸಾರ ಮಾಡಿದವರ ಮಾತು ಅದು.

ಕೊನೆಗೆ ಹೊರಗೆ ಗಾಳಿ ತಡೆಯುವ ಬಟ್ಟೆ, ಒಳಗೆ ಕುರಿಯ ತುಪ್ಪಟ,
ಮಣಿಕಟ್ಟಿನ ಮೇಲೂ ನಾಲ್ಕು ಬೆರಳು ಏರುವಂಥದ್ದು.
ಆರುನೂರೈವತ್ತು.
ಒಂದು ಕೈಯದು ಕೊಡಿ, ಮುನ್ನೂರಿಪ್ಪತ್ತೈದು ತಗೊಳ್ಳಿ ಅಂದೆ.
‘ಜೋಡಿ ಬಿಡಿಸಿದ ಪಾಪ ನನಗ್ಯಾಕ್ರಿ?’

ಮಾರನೆ ಬೆಳಗ್ಗೆ ಕೂನಬೇವಿನಾಚೆ, ಗಾದ್ರಮ್ಮನ ಕೊಟ್ಟಿಗೆ.
ಹೊಸ ಗವಸೆರಡನ್ನೂ ಕಳಚಿ ಸೀಟಿನ ಮೇಲಿಟ್ಟೆ.
ಎಡಗೈಗೆ ಹೆಗಲುದ್ದದ ಪ್ಲಾಸ್ಟಿಕ್ಕು ಏರಿಸಿದೆ,
ಹಾಲಿನ ಕವರಿಗಿಂತ ತೆಳ್ಳಗೆ, ಸಾಬರು ಕಂಡರೆ ನಕ್ಕಾರು.
ಮೊಣಕೈವರೆಗೆ ಹಸುವಿನೊಳಗೆ ಹೋಯಿತು ಕೈ.
ಅಬ್ಬಾ.
ಒಲೆಯದಲ್ಲ, ಬಿಸಿಲಿನದೂ ಅಲ್ಲ ಆ ಬಿಸಿ,
ಯಾರೂ ಸೌದೆ ಒಟ್ಟದೆ
ಜೀವ ತನ್ನ ಪಾಡಿಗೆ ಕಾಯಿಸಿಕೊಂಡಿರುವುದು.
ಅಲ್ಲಿ ಕಣ್ಣಿಲ್ಲದ ಬೆರಳು ಗೋಡೆ ತಡವಿ ದಾರಿ ಕೇಳುತ್ತದೆ.
ಹೇಳಲು ನಾಚಿಕೆ, ಆದರೂ
ಎಡಗೈ ಶ್ರೀಮಂತ.
ಬಲಗೈ ಹೊರಗೇ ನಿಂತಿರುತ್ತದೆ
ಉಕ್ಕಿನ ಕಡ್ಡಿ ಹಿಡಿದು, ರಾತ್ರಿ ಪಾಳಿಯ ವಾಚ್‌ಮನ್ನಿನ ಹಾಗೆ.

ಗಾದ್ರಮ್ಮ ಗೋಡೆಗೆ ಇದ್ದಿಲಲ್ಲಿ ಗೀಟು ಎಳೆದಳು.
‘ಒಂಬತ್ತು ತಿಂಗ್ಳು, ಒಂಬತ್ತು ದಿನ.
ಅಷ್ಟೊತ್ತಿಗೆ ಚಳಿ ಇರಲ್ಲ ಬಿಡು.’
ಕೈ ತೊಳೆದೆ, ನೀರು ಕಚ್ಚಿತು.
ಬಲಗೈಯನ್ನು ಹಸುವಿನ ಗಂಗೆದೊಗಲ ಮಡಿಕೆಗೆ ತೂರಿಸಿ
ಸ್ವಲ್ಪ ಹೊತ್ತು ನಿಂತೆ.
ತಿರುಗಿ ನೋಡಿತು. ಏನೂ ಅನ್ನಲಿಲ್ಲ.

ಬೈಕಿನ ಹತ್ತಿರ ಬಂದರೆ
ಗಾದ್ರಮ್ಮನ ಮೊಮ್ಮಗಳು ಎಡಗೈ ಗವಸಿನೊಳಗೆ
ತನ್ನ ಎರಡೂ ಕೈ ತುರುಕಿಕೊಂಡು,
ಕಣ್ಣು ಮುಚ್ಚಿ ಕೂತಿದ್ದಳು.

ಬಿಡಿಸಿಕೊಳ್ಳಲಿಲ್ಲ.
ಎಡಗೈಯ ಬಿಸಿ
ಕೂನಬೇವು ದಾಟುವವರೆಗೂ ಇತ್ತು.